ಕೆಟ್ಟ ಸುದ್ದಿ ಮೇಲಕ್ಕೆ ಹೋಗುವ ದಾರಿ

ಕುಂದಾಪುರ

ಪ್ರೀತಿಯ ಪುಟ್ಟಿಗೆ, ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಟ್ಟ ಮೇಲೆ ನಿನ್ನ ದೊಡ್ಡಮ್ಮನ ಮಂಡಿನೋವೂ ಕಡಿಮೆಯಾಗಿದೆ. ಹೆಡ್ ಆಫೀಸಿನಲ್ಲಿ ನಿನಗೆ ಹೊಸ ಹೊಣೆ ಬಂದದ್ದು ಕೇಳಿ ಮನೆಯಲ್ಲಿ ಎಲ್ಲರಿಗೂ ಸಂತೋಷ. ಆದರೆ ಫೋನಿನಲ್ಲಿ ನಿನ್ನ ದನಿ ಸೋತಂತಿತ್ತು. "ವಿಲೀನವಾಗಿ ಇಷ್ಟು ವರ್ಷವಾದರೂ ಎರಡು ಬ್ಯಾಂಕಿನವರು ಊಟಕ್ಕೂ ಬೇರೆಬೇರೆ ಕೂರುತ್ತಾರೆ ದೊಡ್ಡಪ್ಪ. ಇವರನ್ನೆಲ್ಲ ಆರು ತಿಂಗಳಲ್ಲಿ ಒಂದೇ ಸಂಸ್ಕೃತಿಗೆ ತರಬೇಕಂತೆ" ಅಂದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆರು ತಿಂಗಳ ಗಡುವನ್ನು ಮೊದಲು ತಲೆಯಿಂದ ತೆಗೆದುಹಾಕು. ವಿಲೀನದ ದಿನಾಂಕವನ್ನು ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಬಹುದು. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು, 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಯಿತು, 2020ರ ಏಪ್ರಿಲ್ 1ಕ್ಕೆ ದೇಶವೇ ಬಾಗಿಲು ಹಾಕಿ ಕೂತಿದ್ದಾಗ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಹೆಸರೂ ಇಲ್ಲವಾಯಿತು. ಬೋರ್ಡು ಬದಲಾಯಿತು, ಪಾಸ್‌ಬುಕ್ಕು ಬದಲಾಯಿತು, ಐಎಫ್‌ಎಸ್‌ಸಿ ಕೋಡೂ ಬದಲಾಯಿತು. ಕಂಪ್ಯೂಟರಿಗೆ ಹೇಳಿದ ದಿನ ಅದು ಕೇಳುತ್ತದೆ. ಮೂವತ್ತು ವರ್ಷ ಒಂದು ರೀತಿಯಲ್ಲಿ ಕೆಲಸ ಮಾಡಿದ ಮನುಷ್ಯನಿಗೆ ಗೆಜೆಟ್ ತೋರಿಸಿ ಪ್ರಯೋಜನವಿಲ್ಲ.

ಈ ಬ್ಯಾಂಕುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ನಮ್ಮ ಕಣ್ಣಳತೆಯ ಊರುಗಳಲ್ಲಿ ಎಂಬುದನ್ನು ನೀನು ಮರೆಯಬಾರದು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ ಕಟ್ಟಿದ್ದು 1906ರಲ್ಲೇ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಹುಟ್ಟಿತು. ಮೂರೇ ವರ್ಷಕ್ಕೆ, 1928ರಲ್ಲಿ, ಟಿ.ಎಂ.ಎ. ಪೈಗಳು ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಉಳಿಸುವವನ ಅಂಗಡಿ ಬಾಗಿಲಿಗೇ ಏಜೆಂಟ್ ಹೋಗಿ ದುಡ್ಡು ತರಬೇಕು. ಹಾಗೆ ಬೆಳೆದ ಬ್ಯಾಂಕಿನವನಿಗೆ ಗಿರಾಕಿಯ ಮನೆಗೆ ಹೋಗುವುದೇ ಕೆಲಸ. ಕಾಗದ ಸರಿಯಿಲ್ಲದೆ ಒಂದು ಹೆಜ್ಜೆ ಇಡಬೇಡ ಎಂದು ಕಲಿತ ಬ್ಯಾಂಕಿನವನಿಗೆ ಅದೇ ಶಿಸ್ತಿಲ್ಲದ ನಡತೆಯಾಗಿ ಕಾಣುತ್ತದೆ. ಅವನ ಎಚ್ಚರಿಕೆ ಇವನಿಗೆ ಸೊಕ್ಕಿನ ಹಾಗೆ ಕಾಣುತ್ತದೆ. ಇಬ್ಬರೂ ತಮ್ಮ ತಮ್ಮ ಹಿರಿಯರಿಂದ ಒಳ್ಳೆಯದನ್ನೇ ಕಲಿತವರು. ನಿನ್ನ ತಂಡದವರು ಒಬ್ಬರನ್ನು "ಹಳಬರು" ಅಂತಲೂ ಇನ್ನೊಬ್ಬರನ್ನು "ಪ್ರೊಫೆಷನಲ್" ಅಂತಲೂ ಕರೆಯುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಸಂಸ್ಥೆಯ ಸಂಸ್ಕೃತಿ ಅಂದರೆ ಏನು ಎಂಬುದಕ್ಕೆ ನಿಮ್ಮ ಸಲಹೆಗಾರರು ಎಂಬತ್ತು ಪುಟದ ವರದಿ ಕೊಟ್ಟಿದ್ದಾರೆ ಅಂದೆ. ನಾನು ನೋಡುವುದು ಒಂದನ್ನೇ: ಅಲ್ಲಿ ಕೆಟ್ಟ ಸುದ್ದಿ ಮೇಲಕ್ಕೆ ಹೋಗುತ್ತದೆಯೇ, ಎಷ್ಟು ಬೇಗ ಹೋಗುತ್ತದೆ, ತಂದವನಿಗೆ ಆಮೇಲೆ ಏನಾಗುತ್ತದೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಲೆಡ್ಜರ್ ಕಾಲದಲ್ಲಿ ತಿಂಗಳ ಕೊನೆಗೆ ಬ್ಯಾಲೆನ್ಸಿಂಗ್ ಅಂತ ಇರುತ್ತಿತ್ತು. ಉಳಿತಾಯ ಖಾತೆಗಳ ಬಾಕಿಯನ್ನೆಲ್ಲ ಒಂದೊಂದಾಗಿ ಬರೆದು ಕೂಡಿಸಿದರೆ ಜನರಲ್ ಲೆಡ್ಜರಿನ ಮೊತ್ತಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ 54ನ್ನು 45 ಅಂತ ಬರೆದಿದ್ದಾರೆ, ಅಂಕೆ ಹಿಂದುಮುಂದಾಗಿದೆ ಎಂದು ಮೊದಲು ಅದನ್ನು ಹುಡುಕುತ್ತಿದ್ದೆವು. ನಾನು ಇದ್ದ ಒಂದು ಶಾಖೆಯಲ್ಲಿ ಮ್ಯಾನೇಜರರು ತಾವೂ ಒಂದು ಲೆಡ್ಜರ್ ಎಳೆದುಕೊಂಡು ಕೂರುತ್ತಿದ್ದರು. ತಪ್ಪು ಸಿಕ್ಕಿದರೆ "ಸಿಕ್ಕಿತಲ್ಲ, ಚಹಾ ತರಿಸಿ" ಅನ್ನುತ್ತಿದ್ದರು. ಬರೆದವನು ಯಾರು ಅಂತ ಕೇಳುತ್ತಲೇ ಇರಲಿಲ್ಲ, ಎಲ್ಲರಿಗೂ ಕೈಬರಹ ಗೊತ್ತಿತ್ತು. ಆ ಕಾಲದಲ್ಲಿ ಹುಡುಗರು ಸಂಜೆಯಾಗುವುದಕ್ಕೆ ಮೊದಲೇ ಬಂದು "ಸಾರ್, ಈ ಎಂಟ್ರಿ ನಂದು, ತಪ್ಪಾಗಿದೆ" ಅಂತ ತಾವಾಗಿಯೇ ಹೇಳುತ್ತಿದ್ದರು. ಅವರಿಗೆ ವರ್ಗವಾಗಿ ಬೇರೊಬ್ಬರು ಬಂದರು. ಅವರು ಪ್ರತಿ ತಪ್ಪಿಗೂ ಎಕ್ಸ್‌ಪ್ಲನೇಷನ್ ಬರೆಸಿಕೊಳ್ಳುತ್ತಿದ್ದರು. ವರ್ಷ ಕಳೆಯುವುದರೊಳಗೆ ಅದೇ ಹುಡುಗರು, ಅದೇ ಮೇಜು, ಅದೇ ಲೆಡ್ಜರು, ವ್ಯತ್ಯಾಸಗಳು ಮಾತ್ರ ಸದ್ದಿಲ್ಲದೆ ಸಸ್ಪೆನ್ಸ್ ಖಾತೆಗೆ, ಅಂದರೆ ಲೆಕ್ಕ ಸಿಗದ ಮೊತ್ತವನ್ನು ತಾತ್ಕಾಲಿಕವಾಗಿ ಹಾಕಿಡುವ ಖಾತೆಗೆ, ಹೋಗಿ ಕೂತವು. ತಿಂಗಳ ಕೊನೆಗೆ ಎಲ್ಲ ಟ್ಯಾಲಿ. ಮೇಲಿನ ಕಚೇರಿಯಿಂದ ಆ ಶಾಖೆಗೆ ಮೆಚ್ಚುಗೆಯ ಪತ್ರವೂ ಬಂತು.

ದೊಡ್ಡ ಮಟ್ಟದಲ್ಲಿ ಇದೇ ಆದದ್ದು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ. ಒಬ್ಬೊಬ್ಬ ಗಿರಾಕಿಗೂ ಎಂಟು ಉತ್ಪನ್ನ ಮಾರಬೇಕು ಎಂಬುದು ಅವರ ಘೋಷಣೆ. ಶಾಖೆಗಳಿಗೆ ದಿನದಿನದ ಗುರಿ. ಮುಟ್ಟಲಾಗದ ಗುರಿ ಎಂದು ಹೇಳುವ ದಾರಿ ಕೆಳಗಿನವರಿಗೆ ಇರಲಿಲ್ಲ, ಹೇಳಿದ ಕೆಲವರು ಕೆಲಸವನ್ನೇ ಕಳೆದುಕೊಂಡೆವು ಎಂದು ಆಮೇಲೆ ದೂರಿದರು. ಗಿರಾಕಿಗೆ ಗೊತ್ತಿಲ್ಲದೆ ಅವನ ಹೆಸರಿನಲ್ಲಿ ಖಾತೆ ತೆರೆಯುವುದು ನಡೆಯಿತು. 2016ರ ಸೆಪ್ಟೆಂಬರಿನಲ್ಲಿ 18.5 ಕೋಟಿ ಡಾಲರ್ ದಂಡ ಬಿದ್ದಾಗ ಅಂಥ ಖಾತೆಗಳು ಸುಮಾರು 20 ಲಕ್ಷ ಅಂದರು, ಮರುವರ್ಷ ಆ ಲೆಕ್ಕ 35 ಲಕ್ಷಕ್ಕೆ ಏರಿತು. ಅಷ್ಟರೊಳಗೆ ಸುಮಾರು 5,300 ನೌಕರರನ್ನು ಮನೆಗೆ ಕಳಿಸಿದ್ದರು. ಗಿರಾಕಿಯೇ ಮೊದಲು ಎಂದು ಆ ಬ್ಯಾಂಕಿನ ಪುಸ್ತಿಕೆಗಳಲ್ಲೂ ಅಚ್ಚಾಗಿತ್ತು, ಮಗಳೇ. ಗೋಡೆಯ ಮೇಲೆ ಮೌಲ್ಯಗಳನ್ನು ಬರೆಸುವ ಮೊದಲು ನಿಮ್ಮ ಬ್ಯಾಂಕಿನ ಕಳೆದ ಮೂರು ಪ್ರಮೋಷನ್ ಪಟ್ಟಿಗಳನ್ನು ತರಿಸಿ ನೋಡು. ಯಾರು ಮೇಲೆ ಹೋದರು, ಏನು ಮಾಡಿ ಹೋದರು, "ಆಗುವುದಿಲ್ಲ" ಎಂದು ನಿಜ ಹೇಳಿದ ಒಬ್ಬನಾದರೂ ಅದರಲ್ಲಿ ಇದ್ದಾನೆಯೇ. ನೌಕರರು ಓದುವುದು ಆ ಪಟ್ಟಿಯನ್ನೇ.

ಹಾಗಾದರೆ ಬದಲಾಯಿಸಲು ಸಾಧ್ಯವೇ ಇಲ್ಲವೇ ಅಂತ ಕೇಳಬೇಡ. ಸಾಧ್ಯ. ನನಗೆ ತುಂಬ ಧೈರ್ಯ ಕೊಟ್ಟ ಒಂದು ಸಂಗತಿ ಬ್ಯಾಂಕಿನದಲ್ಲ, ಕಾರು ಕಾರ್ಖಾನೆಯದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನವರ ಕಾರ್ಖಾನೆ ಇತ್ತು. ಐವರಲ್ಲಿ ಒಬ್ಬ ಕೆಲಸಕ್ಕೇ ಬರುತ್ತಿರಲಿಲ್ಲ. ಕುಡಿತ, ಜಗಳ, ದೂರುಗಳ ರಾಶಿ. ಏನೇ ಆದರೂ ಲೈನು ನಿಲ್ಲಬಾರದು ಎಂಬುದು ಅಲ್ಲಿನ ಒಂದೇ ಕಟ್ಟಳೆ. ಬೋಲ್ಟು ಬಿಟ್ಟುಹೋದ ಕಾರೂ ಹಾಗೇ ಮುಂದೆ ಹೋಗುತ್ತಿತ್ತು. 1982ರಲ್ಲಿ ಅದನ್ನು ಮುಚ್ಚಿದರು. ಎರಡು ವರ್ಷದ ಮೇಲೆ ಟೊಯೊಟಾ ಜೊತೆ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ, ತೆಗೆದುಕೊಂಡ ಕೆಲಸಗಾರರಲ್ಲಿ ಬಹುಪಾಲು ಹಳೆಯವರೇ, ಸಂಘವೂ ಅದೇ. ಗುಂಪುಗುಂಪಾಗಿ ಅವರನ್ನು ಜಪಾನಿಗೆ ಕಳಿಸಿ ಟೊಯೊಟಾದ ಕಾರ್ಖಾನೆಯಲ್ಲೇ ಕೆಲಸ ಮಾಡಿಸಿದರು. ವಾಪಸು ಬಂದವರ ತಲೆಯ ಮೇಲೆ ಒಂದು ಹಗ್ಗ ಇತ್ತು. ತೊಂದರೆ ಕಂಡರೆ ಯಾರು ಬೇಕಾದರೂ ಎಳೆಯಬಹುದು. ಎಳೆದ ಕೂಡಲೇ ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಏನಾಯಿತು ಎಂದು ಕೇಳುತ್ತಾನೆ, ಕೈಜೋಡಿಸುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಗೈರುಹಾಜರಿ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಅದೇ ಜನ ಕಟ್ಟಿದ ಕಾರುಗಳ ಗುಣಮಟ್ಟ ಜಪಾನಿನವುಗಳ ಹತ್ತಿರಕ್ಕೆ ಬಂತು.

ಹಗ್ಗದ ಕತೆಯನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಅದಕ್ಕಿಂತ ಮೊದಲು ಆದದ್ದನ್ನು ಹೇಳುವವರು ಕಡಿಮೆ. ಕಂಪನಿ ಸಂಘದ ಜೊತೆಗಿನ ಒಪ್ಪಂದದಲ್ಲೇ ಬರೆದುಕೊಟ್ಟಿತ್ತು: ಕಷ್ಟ ಬಂದರೆ ಮೊದಲು ಮೇಲಿನವರ ಸಂಬಳಕ್ಕೆ ಕತ್ತರಿ, ಕೆಲಸಗಾರನನ್ನು ತೆಗೆಯುವುದು ಕಟ್ಟಕಡೆಗೆ. 1988ರ ಹೊತ್ತಿಗೆ ಮಾರಾಟ ಕುಸಿದು ಉತ್ಪಾದನೆ ತಗ್ಗಿಸಿದಾಗ ಆ ಮಾತು ಉಳಿಯಿತು. ಕೈ ಖಾಲಿಯಿದ್ದವರಿಗೆ ತರಬೇತಿ ಕೊಟ್ಟರೇ ಹೊರತು ಯಾರನ್ನೂ ಮನೆಗೆ ಕಳಿಸಲಿಲ್ಲ. ಭರವಸೆ ಮೊದಲು ಬಂತು, ಹಗ್ಗ ಆಮೇಲೆ. ಇದೇ ಪದ್ಧತಿಯನ್ನು ಜನರಲ್ ಮೋಟಾರ್ಸ್ ಅದೇ ರಾಜ್ಯದ ವ್ಯಾನ್ ನೈಸ್ ಕಾರ್ಖಾನೆಗೆ ತರಲು ಹೋಗಿ ಸೋತಿತು, 1992ರಲ್ಲಿ ಅದಕ್ಕೆ ಬೀಗ ಬಿತ್ತು. ಟೊಯೊಟಾ ಹೆಸರಿದ್ದ ಮಾತ್ರಕ್ಕೆ ಎಲ್ಲ ಸುಸೂತ್ರ ಅಂತಲೂ ಅಲ್ಲ, ನಮ್ಮ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟು ಎಲ್ಲ ನಡೆದದ್ದು ನಿನಗೆ ಗೊತ್ತೇ ಇದೆ. ನಂಬಿಕೆಯನ್ನು ಒಂದು ಸಲ ಗಳಿಸಿ ಕಪಾಟಿನಲ್ಲಿ ಇಡಲಾಗುವುದಿಲ್ಲ.

ನಮ್ಮ ಬ್ಯಾಂಕುಗಳಿಗೆ ಯಂತ್ರ ಬಂದಾಗಲೂ ಹೀಗೇ. 1983ರಲ್ಲಿ ಬ್ಯಾಂಕುಗಳಿಗೂ ನೌಕರ ಸಂಘಗಳಿಗೂ ಒಪ್ಪಂದವಾಗಿ, ಆಮೇಲೆ ಖಾತೆಗಳ ಲೆಕ್ಕ ದಾಖಲಿಸುವ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಎಷ್ಟೋ ಶಾಖೆಗಳಲ್ಲಿ ಯಂತ್ರ ಬಂದ ಮೇಲೂ ಕೈಬರಹದ ಲೆಡ್ಜರನ್ನು ಬಿಡಲಿಲ್ಲ. ಹೊರಗಿನವರು "ಮೊಂಡುತನ" ಅಂದರು. ನಮ್ಮ ಶಾಖೆಯಲ್ಲಿ ಅದರ ಕಾರಣ ಮಳೆಗಾಲ. ಕರೆಂಟು ಹೋದರೆ ಹಣ ತೆಗೆಯಲು ಬಂದವನಿಗೆ "ನಾಳೆ ಬಾ" ಅನ್ನಬೇಕು, ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬಂದವನಿಗೆ ಅದನ್ನು ಹೇಳುವವನು ಕೌಂಟರಿನ ಗುಮಾಸ್ತ. ಬ್ಯಾಟರಿ ವ್ಯವಸ್ಥೆ ಸರಿಯಾಗಿ ಬಂದ ಮೇಲೆ ಲೆಡ್ಜರ್ ತಾನಾಗಿಯೇ ನಿಂತಿತು, ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ಆ ಇನ್ನೊಂದು ಬ್ಯಾಂಕಿನವರು ಚಿನ್ನದ ಸಾಲದ ಪೊಟ್ಟಣಗಳಿಗೆ ಈಗಲೂ ಕೈಬರಹದ ರಿಜಿಸ್ಟರ್ ಇಡುತ್ತಾರೆ ಅಂತ ನೀನು ಬೇಸರಪಟ್ಟೆಯಲ್ಲ, ಅದನ್ನು ನಿಲ್ಲಿಸುವ ಮೊದಲು ಎರಡು ಶಾಖೆಗೆ ಹೋಗಿ ಅದು ಅವರನ್ನು ಯಾವುದರಿಂದ ಕಾಯುತ್ತಿದೆ ಎಂದು ಕೇಳು. ಇನ್‌ಸ್ಪೆಕ್ಷನ್ ಭಯವೋ, ಹಿಂದೆ ಯಾವಾಗಲೋ ಒಂದು ಪೊಟ್ಟಣ ಕಾಣೆಯಾಗಿ ಯಾರದೋ ಪೆನ್ಷನ್ ನಿಂತದ್ದೋ, ಏನೋ ಇರುತ್ತದೆ. ಕಾರಣ ಸತ್ತಿದ್ದರೆ ತೆಗೆಸು. ಬದುಕಿದ್ದರೆ ಮೊದಲು ಅದಕ್ಕೆ ಪರಿಹಾರ ಕೊಡು.

ಕೆಟ್ಟ ಸುದ್ದಿ ಮೇಲಿಂದ ಕೆಳಕ್ಕೂ ಬರಬೇಕು. 2007ರಲ್ಲಿ ಓ.ಪಿ. ಭಟ್ ಅವರು ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾಗಿದ್ದಾಗ "ಪರಿವರ್ತನ್" ಅಂತ ಮಾಡಿದರು. ಬ್ಯಾಂಕು ಮಾರುಕಟ್ಟೆಯ ಪಾಲನ್ನು ಕಳೆದುಕೊಳ್ಳುತ್ತಾ ಬಂದಿದೆ ಎಂಬ ಕಹಿ ಸತ್ಯವನ್ನು ಕೆಳಹಂತದ ಸಿಬ್ಬಂದಿಯವರೆಗೂ ಕೂರಿಸಿಕೊಂಡು ಹೇಳಿದರು. ನಿಮ್ಮಲ್ಲಿ ಯಾವ ಶಾಖೆಗಳನ್ನು ಮುಚ್ಚುತ್ತೀರಿ, ಸೀನಿಯಾರಿಟಿ ಹೇಗೆ ಲೆಕ್ಕ ಹಾಕಿದಿರಿ ಎಂಬುದು ಜನರಿಗೆ ವಾಟ್ಸಾಪಿನಲ್ಲಿ ಗೊತ್ತಾಗುತ್ತಿದೆ ಅಂದೆಯಲ್ಲ. ಆ ಸ್ಥಿತಿಯಲ್ಲಿ ನೀನು ಎಷ್ಟು ಕಾರ್ಯಾಗಾರ ಮಾಡಿದರೂ ಅವರು ಕೈಕಟ್ಟಿ ಕೂರುತ್ತಾರೆ. ಎಂ.ಡಿ.ಯವರ ಹತ್ತಿರ ಬೇರೆ ಏನೂ ಕೇಳಬೇಡ, ಆ ಎರಡು ವಿಷಯ ಅವರ ಬಾಯಿಂದಲೇ ಮೊದಲು ಬರಲಿ ಎಂದು ಕೇಳು.

ನಿನಗೆ ಹೆಚ್ಚು ಕಷ್ಟ ಕೊಡುವವರು ಗುಮಾಸ್ತರಲ್ಲ, ಸಂಘದವರೂ ಅಲ್ಲ. ರೀಜನಲ್ ಮ್ಯಾನೇಜರರು. ಸಂಜೆಯ ವಿ.ಸಿ.ಯಲ್ಲಿ, ಅಂದರೆ ಶಾಖೆಗಳವರ ಜೊತೆಗಿನ ವಿಡಿಯೊ ಸಭೆಯಲ್ಲಿ, ಬೈಸಿಕೊಂಡೇ ಮೇಲೆ ಬಂದವರು ಅವರು, ಈಗ ಬೈಯುವ ಸರದಿ ಸಿಕ್ಕಿದೆ. ಬೈಗುಳದಿಂದಲೇ ವ್ಯವಹಾರ ಬಂತು ಎಂದು ಮನಸಾರೆ ನಂಬಿದ್ದಾರೆ. ಅವರನ್ನು ಕೆಟ್ಟವರೆಂದು ತಿಳಿಯಬೇಡ. ಮಾರ್ಚ್ 31ಕ್ಕೆ ಠೇವಣಿ ತಂದು ತೋರಿಸಿ ಏಪ್ರಿಲ್ ಮೊದಲ ವಾರ ಅದು ಖಾಲಿಯಾಗುವುದನ್ನು ಅವರೂ ಕಂಡಿದ್ದಾರೆ, ಹೇಳಲು ಅವರಿಗೂ ಜಾಗವಿಲ್ಲ. ಅವರ ಮೇಲಿನವರು ಅವರನ್ನು ಕೇಳುವ ಪ್ರಶ್ನೆ ಬದಲಾಗುವವರೆಗೆ ಅವರು ಕೆಳಗಿನವರನ್ನು ಕೇಳುವ ಪ್ರಶ್ನೆ ಬದಲಾಗದು. ಈ ಮಾತನ್ನು ಹೆಡ್ ಆಫೀಸಿನಲ್ಲಿ ಹೇಳುವುದಕ್ಕೆ ಧೈರ್ಯ ಬೇಕು. ನಿನಗೆ ಅದಿದೆ.

ಇಡೀ ಬ್ಯಾಂಕನ್ನು ಒಟ್ಟಿಗೆ ಹಿಡಿಯಬೇಡ. ಒಂದು ರೀಜನ್ ತೆಗೆದುಕೋ. ಅಲ್ಲಿನ ಸಂಜೆಯ ವಿ.ಸಿ. ಒಂದನ್ನೇ ಬದಲಾಯಿಸು. ಗುರಿ ಎಷ್ಟಾಯಿತು ಎಂಬುದು ಪರದೆಯ ಮೇಲೆ ಕಾಣುತ್ತದೆ, ಅದನ್ನು ಬಾಯಲ್ಲಿ ಕೇಳುವ ಅಗತ್ಯವಿಲ್ಲ. ಮೊದಲ ಪ್ರಶ್ನೆ "ನಿಮ್ಮ ಶಾಖೆಯಲ್ಲಿ ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡಿತು" ಎಂದಿರಲಿ. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರೂ ಮೈಕ್ ಮ್ಯೂಟ್ ಮಾಡಿ ಕೂತಿರುತ್ತಾರೆ. ಒಬ್ಬ ಯಾರೋ ಹೇಳುತ್ತಾನೆ: ಸಾಲದ ಕಂತು ನಿಂತಿದೆ, ಇದು ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ ಅಂತ. ಆ ಕ್ಷಣದಲ್ಲಿ ರೀಜನಲ್ ಮ್ಯಾನೇಜರರ ಮುಖ ಹೇಗಾಗುತ್ತದೆ ಎಂಬುದನ್ನು ಉಳಿದ ಅರವತ್ತು ಮಂದಿ ನೋಡುತ್ತಿರುತ್ತಾರೆ. ಅವರನ್ನು ಮುಂಚಿತವಾಗಿಯೇ ಇದಕ್ಕೆ ಸಿದ್ಧಮಾಡು, ಬೇಕಾದರೆ ಪಕ್ಕದಲ್ಲೇ ಕೂರು. ಹೇಳಿದವನಿಗೆ ಮರುದಿನವೇ ವಸೂಲಿಗೆ ಒಬ್ಬ ಅಧಿಕಾರಿಯನ್ನು ಜೊತೆಗೆ ಕಳಿಸಿ. ಮೆಮೊ ಹೋಗಬಾರದು.

ನಿನ್ನ ಮೇಲಿನವರು ಸರ್ವೆ ಮಾಡಿಸಿ ಅಂಕಿ ಕೇಳುತ್ತಾರೆ. ಕೊಡು, ಆದರೆ ಆ ಅಂಕಿಯನ್ನು ಶಾಖೆಗಳ ಗುರಿಯಾಗಿಸಲು ಬಿಡಬೇಡ. ಬಿಟ್ಟರೆ ಸಂತೋಷದ ಅಂಕಿಯೂ ಮಾರ್ಚ್ ಠೇವಣಿಯ ಹಾಗೆ ಬಂದು ಹೋಗುತ್ತದೆ. ಇನ್ನೊಂದು, ಮೂರು ವರ್ಷಕ್ಕೆ ನಿನಗೂ ವರ್ಗವಾಗುತ್ತದೆ. ಮ್ಯಾನೇಜರ್ ಬದಲಾದ ಕೂಡಲೇ ನಮ್ಮ ಶಾಖೆ ಹೇಗಾಯಿತೆಂದು ಮೇಲೆ ಬರೆದೆನಲ್ಲ. ಹಾಗಾಗಿ ಒಳ್ಳೆಯದಾದದ್ದನ್ನು ಪ್ರಮೋಷನ್ ಸಂದರ್ಶನದ ಪ್ರಶ್ನೆಗಳಲ್ಲಿ, ಇನ್‌ಸ್ಪೆಕ್ಷನ್ ಫಾರಂನಲ್ಲಿ ಸೇರಿಸಿಬಿಡು. ಯಾವುದಾದರೂ ತೊಂದರೆಯನ್ನು ತಾನಾಗಿ ಮುಂಚೆಯೇ ತಿಳಿಸಿದ ಮ್ಯಾನೇಜರಿಗೆ ಇನ್‌ಸ್ಪೆಕ್ಷನ್‌ನಲ್ಲಿ ಅಂಕ ಕಡಿಯಬಾರದು ಎಂಬ ಒಂದು ಸಾಲು ಆ ಫಾರಂನಲ್ಲಿ ಬಂದರೆ ನನಗೆ ಬಹಳ ಸಂತೋಷ.

ಯಾವ ರೀಜನ್ ಆರಿಸಿಕೊಂಡೆ ಅಂತ ತಿಳಿಸು. ಆ ಕಡೆ ನನ್ನ ಜೊತೆ ಕೆಲಸ ಮಾಡಿದ ಒಬ್ಬಿಬ್ಬರು ನಿವೃತ್ತರಿದ್ದಾರೆ, ಎರಡೂ ಬ್ಯಾಂಕಿನ ಶಾಖೆಗಳನ್ನು ಚೆನ್ನಾಗಿ ಬಲ್ಲವರು, ಮಾತಾಡಿಸಿಕೊಡುತ್ತೇನೆ. ವಿ.ಸಿ.ಯಲ್ಲಿ ಮೊದಲು ಬಾಯಿ ಬಿಟ್ಟವನು ಏನು ಹೇಳಿದ ಅಂತಲೂ ಮರೆಯದೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ