ಟ್ರ್ಯಾಕ್ಟರಿನ ಗವರ್ನರ್ ಕಾಯಿಲೆಗೆ ಚೋಕ್ ಕಟ್ಟಿ ಕೊಟ್ಟದ್ದರ ಬಗ್ಗೆ ದೂರು

ಬದಿಯಡ್ಕ
ಜೂನ್ 18

ವರ್ಕ್‌ಶಾಪಿನ ಮಾಲಕರಿಗೆ,

ವಿಷಯ: ಹಳೆಯ ಫರ್ಗುಸನ್ ಟ್ರ್ಯಾಕ್ಟರಿನ ಗವರ್ನರ್ (ಇಂಜಿನ್ ವೇಗ ಒಂದೇ ಸಮ ಇಡುವ ಭಾಗ) ಮತ್ತು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ರಿಪೇರಿ, 11,400 ರೂಪಾಯಿಯ ಬಿಲ್ಲು

ನಮಸ್ಕಾರ.

ಮೇ ತಿಂಗಳ ಮೊದಲ ವಾರ ಟೆಂಪೋದಲ್ಲಿ ಹೇರಿಕೊಂಡು ತಂದ ಬೂದು ಬಣ್ಣದ ಟ್ರ್ಯಾಕ್ಟರ್ ನಿಮಗೆ ನೆನಪಿರಬಹುದು. ನಿಮ್ಮ ಹುಡುಗರೆಲ್ಲ ಸುತ್ತ ನಿಂತು ಫೋಟೋ ತೆಗೆದಿದ್ದರು. ಗೇರ್ ಲಿವರನ್ನೇ ‘ಎಸ್’ ಕಡೆಗೆ ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂದಾಗ ಒಬ್ಬ ನಂಬಲೇ ಇಲ್ಲ, ಎರಡೆರಡು ಸಲ ಮಾಡಿ ನೋಡಿದ.

ಅದು ನನ್ನ ಅಜ್ಜ ತಂದ ಗಾಡಿ. ಆಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಅದೇ ವರ್ಷ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಈ ಮಾಡೆಲ್ ತಯಾರಾಗುವುದೂ ನಿಂತಿತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಗಾಡಿ. ಈಗ ಸೀಮೆಎಣ್ಣೆ ಎಲ್ಲಿಂದ ತರುವುದು? ಪೂರ್ತಿ ಪೆಟ್ರೋಲಿನಲ್ಲೇ ಓಡಿಸುತ್ತೇವೆ. ಶೋಕಿಗೆ ಇಟ್ಟದ್ದಲ್ಲ. ಮೂರು ಮುಡಿ ಗದ್ದೆ ಉಳುವುದು, ತೋಟಕ್ಕೆ ಗೊಬ್ಬರ ಸಾಗಿಸುವುದು, ಭತ್ತ ಬಡಿಯುವ ಯಂತ್ರ ತಿರುಗಿಸುವುದು, ಎಲ್ಲ ಅದರದ್ದೇ.

ನಾನು ಹೇಳಿದ್ದ ತೊಂದರೆ ಒಂದೇ. ಇಂಜಿನ್ ಒಂದು ವೇಗದಲ್ಲಿ ನಿಲ್ಲುವುದಿಲ್ಲ. ರೊಂಯ್ ಎಂದು ಏರುತ್ತದೆ, ಬಸವಳಿದ ಹಾಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ನಿಮ್ಮ ಹಿರಿಯ ಮೆಕ್ಯಾನಿಕ್ ಕೇಳಿದ ಕೂಡಲೇ ‘ಹಂಟಿಂಗ್’ ಎಂದರು. ಸರಿಯಾಗಿಯೇ ಹೇಳಿದರು. ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುನಾಡಿನ ದಿನ) ಮೊದಲು ಕೊಡುತ್ತೇವೆ ಎಂದಿರಿ, ಕೊಟ್ಟಿರಿ. ನಿಮ್ಮ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದಾಗ ಹೊಲಿಗೆ ಮೆಷಿನಿನ ಹಾಗೆ ಒಂದೇ ಸಮನೆ ಓಡಿತು. ನಾನು ಖುಷಿಯಿಂದ ದುಡ್ಡು ಕೊಟ್ಟು ಬಂದೆ.

ಮಳೆ ಬಂತು, ಗದ್ದೆಗಿಳಿಸಿದೆ. ಎರಡು ಸುತ್ತು ಬರುವಷ್ಟರಲ್ಲಿ ಕಪ್ಪು ಹೊಗೆ. ಎಳೆಯಲು ತ್ರಾಣವೇ ಇಲ್ಲ. ನೇಗಿಲು ಸ್ವಲ್ಪ ಆಳ ಹೋದರೆ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಪ್ಲಗ್ ಬಿಚ್ಚಿ ನೋಡಿದೆ, ನಾಲ್ಕೂ ಚಿಮಿಣಿ ದೀಪದ ಬುರುಡೆಯ ಹಾಗೆ ಮಸಿ ಹಿಡಿದಿದ್ದವು. ಆಯಿಲ್ ಕಡ್ಡಿ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ. ಆಯಿಲ್ ಮಟ್ಟ ಇಳಿಯುವ ಬದಲು ಗೆರೆಗಿಂತ ಮೇಲೆ ಏರಿತ್ತು. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗೆ ಇಳಿಯುತ್ತಿದೆ ಎಂದು ಅರ್ಥ. ಹೀಗೇ ಒಂದು ವಾರ ಓಡಿಸಿದ್ದರೆ ರಿಂಗು, ಬೇರಿಂಗು ಎರಡೂ ಹೋಗುತ್ತಿದ್ದವು.

ಕಾರ್ಬೊರೇಟರಿಗೆ ಹೋಗುವ ಗಾಳಿ ಕಡಿಮೆ ಮಾಡುವ ಚೋಕಿನ ಗುಂಡಿ ಪೂರ್ತಿ ಒಳಗೆ ಇತ್ತು, ಎಂದರೆ ಚೋಕ್ ತೆರೆದಿರಬೇಕು. ಆದರೂ ಸಂಶಯ ಬಂದು ಏರ್ ಕ್ಲೀನರಿನ ಹೋಸ್ ಕಳಚಿದೆ. ಚೋಕ್ ತಟ್ಟೆ ಅರ್ಧ ಮುಚ್ಚಿಕೊಂಡು ಕೂತಿತ್ತು. ಬೆರಳಲ್ಲಿ ತಳ್ಳಿದರೂ ಅಲ್ಲಾಡಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಚೋಕ್ ಲಿವರಿಗೆ ಕಬ್ಬಿಣದ ತಂತಿ ಸುತ್ತಿ, ಕಾರ್ಬೊರೇಟರಿನ ಬೋಲ್ಟಿಗೆ ಬಿಗಿದು ಕಟ್ಟಿದ್ದರು. ಚೆಂದ ಕಟ್ಟಿದ್ದರು, ಕೊನೆಯನ್ನು ಕೈಗೆ ಚುಚ್ಚದ ಹಾಗೆ ಒಳಗೆ ಮಡಚಿದ್ದರು. ತಂತಿ ಕತ್ತರಿಸಿದೆ. ತಟ್ಟೆ ಟಪ್ ಎಂದು ತೆರೆಯಿತು. ಸ್ಟಾರ್ಟ್ ಮಾಡಿದೆ. ರೊಂಯ್, ರೊಂಯ್. ನಾನು ಮೇ ತಿಂಗಳಲ್ಲಿ ತಂದ ಅದೇ ಕಾಯಿಲೆ, ಇದ್ದ ಹಾಗೇ ಉಂಟು.

ಆಗಲೇ ನನಗೆ ಗೊತ್ತಾದದ್ದು. ರಿಪೇರಿ ಆಗಿರಲಿಲ್ಲ, ಮುಚ್ಚಿಟ್ಟಿದ್ದರು. ಪೆಟ್ರೋಲ್ ಸಾಲದೆ ಏರಿಳಿಯುವ ಇಂಜಿನಿಗೆ ಗಾಳಿ ಕಡಿಮೆ ಮಾಡಿದರೆ ಮಿಶ್ರಣ ದಪ್ಪವಾಗಿ, ಲೋಡ್ ಇಲ್ಲದಾಗ ಅದು ಸುಮ್ನೆ ಓಡುತ್ತದೆ. ಅಂಗಳದಲ್ಲಿ ತೋರಿಸಲಿಕ್ಕೆ ಅಷ್ಟು ಸಾಕು. ಗದ್ದೆಯಲ್ಲಿ ಉಸಿರು ಕಟ್ಟುತ್ತದೆ. ಚೋಕನ್ನು ಸ್ವಲ್ಪ ಎಳೆದು ಹಂಟಿಂಗ್ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಂಡುಹಿಡಿಯುವುದು ಮೆಕ್ಯಾನಿಕರ ಪರೀಕ್ಷೆ. ನಿಮ್ಮಲ್ಲಿ ಆ ಪರೀಕ್ಷೆಯನ್ನೇ ಚಿಕಿತ್ಸೆ ಮಾಡಿ ತಂತಿ ಕಟ್ಟಿ ಕಳಿಸಿದ್ದಾರೆ.

ಫೋನ್ ಮಾಡಿದಾಗ ನಿಮ್ಮ ಮ್ಯಾನೇಜರ್ ಎರಡು ಮಾತು ಹೇಳಿದರು. ಒಂದು, "ಹಳೇ ಗಾಡಿ ಅಲ್ವಾ, ಹಾಗೇ ಇರ್ತದೆ." ಇನ್ನೊಂದು, ಈಗಿನ ಪೆಟ್ರೋಲಿನದ್ದೇ ದೋಷ. ಎರಡನೆಯದರಲ್ಲಿ ಅರ್ಧ ಸತ್ಯ ಉಂಟು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಂತೂ ಕೇಳುವುದೇ ಬೇಡ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿನಲ್ಲಿ ಕೊಳೆ ಕೂರುತ್ತದೆ, ಹಳೆಯ ರಬ್ಬರ್ ಉಬ್ಬುತ್ತದೆ. ಅದನ್ನು ತೊಳೆದು ಕೊಡಲಿಕ್ಕೇ ತಾನೆ ನಿಮಗೆ ದುಡ್ಡು ಕೊಟ್ಟದ್ದು?

ಮತ್ತೆ ನಾನೇ ಕೂತು ನೋಡಿದೆ. ಇಂಜಿನಿಗೆ ಹೋಗುವ ಮಿಶ್ರಣ ಹೆಚ್ಚು ಕಡಿಮೆ ಮಾಡುವ ಕಾರ್ಬೊರೇಟರಿನ ಥ್ರಾಟಲ್ ಕೈಯನ್ನು ಬೆರಳಲ್ಲಿ ಗಟ್ಟಿ ಹಿಡಿದೆ. ಗವರ್ನರ್ ಒಂದರದ್ದೇ ತಪ್ಪಾಗಿದ್ದರೆ ಏರಿಳಿತ ನಿಲ್ಲಬೇಕಿತ್ತು. ಕಡಿಮೆಯಾಯಿತು, ಆದರೆ ಇಂಜಿನ್ ಮುಗ್ಗರಿಸುವುದು ಬಿಡಲಿಲ್ಲ. ಕಾರ್ಬೊರೇಟರ್ ಮ್ಯಾನಿಫೋಲ್ಡಿಗೆ (ಮಿಶ್ರಣವನ್ನು ಸಿಲಿಂಡರಿಗೆ ಒಯ್ಯುವ ಕೊಳವೆ) ಸೇರುವ ಜಾಗಕ್ಕೆ ನಾಲ್ಕು ಹನಿ ಆಯಿಲ್ ಬಿಟ್ಟೆ. ಆಯಿಲನ್ನು ಒಳಗೆಳೆದುಕೊಂಡು ಇಂಜಿನ್ ಕ್ಷಣ ಹೊತ್ತು ಸರಿಯಾಯಿತು. ಅಲ್ಲಿ ಗಾಳಿ ಎಳೆಯುತ್ತಿತ್ತು. ಬಿಚ್ಚಿದರೆ ಒಳಗಿದ್ದ ಪ್ಯಾಕಿಂಗ್ (ಗ್ಯಾಸ್ಕೆಟ್) ಕ್ಯಾಲೆಂಡರ್ ರಟ್ಟಿನದ್ದು! ಒಂದು ಮೂಲೆಯಲ್ಲಿ ಕೆಂಪು 7 ಅರ್ಧ ಕಾಣುತ್ತಿತ್ತು, ಭಾನುವಾರವೇ ಇರಬೇಕು. ನಿಮ್ಮ ಬಿಲ್ಲಿನಲ್ಲಿ ‘ಗ್ಯಾಸ್ಕೆಟ್ ಸೆಟ್, 650 ರೂಪಾಯಿ’ ಎಂದು ಉಂಟು.

ಐಡ್ಲಿಂಗ್ ಜೆಟ್ಟಿನ ತೂತಿನಲ್ಲಿ ಬೆಳಕೇ ಕಾಣಲಿಲ್ಲ. ಅದನ್ನು ಬಿಚ್ಚಿಯೇ ಇರಲಿಲ್ಲ, ಸ್ಕ್ರೂ ತಲೆಯ ಗೀರಿನಲ್ಲಿ ಹಳೆಯ ಮಣ್ಣು ಹಾಗೇ ಇತ್ತು.

ಗವರ್ನರನ್ನು ಥ್ರಾಟಲಿಗೆ ಸೇರಿಸುವ ರಾಡಿನದ್ದು ಇನ್ನೊಂದು ಕಥೆ. ಇಂಜಿನ್ ನಿಂತಿರುವಾಗ ಹ್ಯಾಂಡ್ ಥ್ರಾಟಲ್ ಪೂರ್ತಿ ಎಳೆದರೆ ಕಾರ್ಬೊರೇಟರಿನ ತಟ್ಟೆ ಪೂರ್ತಿ ತೆರೆಯಬೇಕು. ನಮ್ಮದರಲ್ಲಿ ಮುಕ್ಕಾಲಿಗೇ ನಿಲ್ಲುತ್ತಿತ್ತು. ರಾಡನ್ನು ಇಕ್ಕಳದಲ್ಲಿ ಬಗ್ಗಿಸಿದ್ದಾರೆ, ಹಲ್ಲಿನ ಗುರುತು ಸಾಲಾಗಿ ಕಾಣುತ್ತದೆ. ತುದಿಯಲ್ಲಿ ನಟ್ ತಿರುಗಿಸಿದರೆ ಉದ್ದ ಸರಿಯಾಗುವ ವ್ಯವಸ್ಥೆ ಇರುವಾಗ ಬಗ್ಗಿಸಿದ್ದು ಯಾಕೆ?

ನನಗೆ ಹೆಚ್ಚು ಸಿಟ್ಟು ಬಂದದ್ದು ಸ್ಪ್ರಿಂಗ್ ವಿಷಯದಲ್ಲಿ. ನಿಮಗೆ ಗೊತ್ತಿದ್ದದ್ದೇ. ಇಂಜಿನ್ ಜೋರಾದರೆ ಗವರ್ನರಿನ ತೂಕಗಳು ಹೊರಗೆ ಸರಿದು ಥ್ರಾಟಲ್ ಮುಚ್ಚುತ್ತವೆ, ಸ್ಪ್ರಿಂಗ್ ಅದನ್ನು ತೆರೆಯಲು ಎಳೆಯುತ್ತದೆ. ಈ ಹಗ್ಗಜಗ್ಗಾಟ ಸಮವಾಗಿದ್ದರೆ ಮಾತ್ರ ವೇಗ ನಿಲ್ಲುತ್ತದೆ. ನೀವು ಹಳೆಯ ಸ್ಪ್ರಿಂಗ್ ತೆಗೆದು ಬೈಕ್ ಸ್ಟ್ಯಾಂಡಿನದ್ದರ ಹಾಗೆ ಕಾಣುವ ಒಂದನ್ನು ಹಾಕಿದ್ದೀರಿ. ಅದು ಎಷ್ಟು ಬಿಗಿ ಎಂದರೆ ತೂಕಗಳಿಗೆ ಎಳೆಯಲು ಆಗುವುದಿಲ್ಲ. ಲೋಡ್ ತಪ್ಪಿದ ಕೂಡಲೇ ಇಂಜಿನ್ ಕಿರುಚುತ್ತಾ ಮೇಲೇರುತ್ತದೆ. ಈ ಗಾಡಿಯಲ್ಲಿ ಇಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿದ್ದರೆ ಹಿಂದಿನ ಪಿಟಿಒ (ಬೇರೆ ಯಂತ್ರ ತಿರುಗಿಸುವ ದಂಡ) ಸುಮಾರು 540 ಸುತ್ತು ತಿರುಗುತ್ತದೆ, ಯಂತ್ರಗಳನ್ನು ಮಾಡಿರುವುದೇ ಆ ಲೆಕ್ಕಕ್ಕೆ. ಭತ್ತ ಬಡಿಯುವಾಗ ಹತ್ತಿರ ನಾಲ್ಕು ಹೆಂಗಸರು ಹುಲ್ಲು ಕೊಡುತ್ತಾ ನಿಂತಿರುತ್ತಾರೆ. ಆ ಹೊತ್ತಿಗೆ ಇಂಜಿನ್ ಹೀಗೆ ಹಾರಿದರೆ? ಚೋಕಿಗೆ ತಂತಿ ಕಟ್ಟಿದ್ದನ್ನು ಬೇಕಾದರೆ ಮರೆತೇನು, ಇದನ್ನು ಮರೆಯಲಾರೆ.

ಪ್ಯಾಕಿಂಗ್ ನಾನೇ ಆಯಿಲ್ ಪೇಪರಿನಲ್ಲಿ ಕತ್ತರಿಸಿ ಹಾಕಿದೆ. ಜೆಟ್ ತೊಳೆದೆ, ರಾಡ್ ನೇರ ಮಾಡಿ ಉದ್ದ ಹೊಂದಿಸಿದೆ. ಮುಕ್ಕಾಲು ಪಾಲು ಸರಿಯಾಯಿತು. ಅರ್ಧ ದಿನದ ಕೆಲಸ, ಖರ್ಚು ನೂರು ರೂಪಾಯಿಯೂ ಇಲ್ಲ. ಆಯಿಲ್ ಬದಲಿಸಿದ್ದು ಬೇರೆ, ಅದರ ರಶೀದಿ ಇಟ್ಟಿದ್ದೇನೆ. ಉಳುವ ಹದ ತಪ್ಪಿ ಬಾಡಿಗೆ ಟಿಲ್ಲರ್ ತರಿಸಿದೆ, ಅದನ್ನು ನಿಮ್ಮ ಲೆಕ್ಕಕ್ಕೆ ಹಾಕುವುದಿಲ್ಲ.

ಗವರ್ನರ್ ಮತ್ತು ಕಾರ್ಬೊರೇಟರ್ ಕೂಲಿ ಎಂದು ತೆಗೆದುಕೊಂಡ 7,500, ಹಾಕದ ಗ್ಯಾಸ್ಕೆಟ್ಟಿನ 650, ಆಯಿಲಿನ ಹಣ, ಇಷ್ಟು ವಾಪಸು ಕೊಡಿ. ನನ್ನ ಹಳೆಯ ಸ್ಪ್ರಿಂಗ್ ಹುಡುಕಿ ಕೊಡಿ, ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಜಾಬ್ ಕಾರ್ಡಿನಲ್ಲಿ ಮಲಯಾಳದಲ್ಲಿ ‘ಎಲ್ಲಾ ಸರಿ’ ಎಂದು ಬರೆದಿದ್ದೀರಲ್ಲ, ಅದನ್ನು ತಿದ್ದಿ ಸಹಿ ಹಾಕಿ ಕೊಡಿ. ತಂತಿ ಕಟ್ಟಿದ ಹುಡುಗನ ಸಂಬಳ ಹಿಡಿಯಬೇಡಿ. ಪತ್ತನಾಜೆಗೆ ಮೊದಲು ಮುಗಿಸು ಎಂದು ಅವನ ತಲೆಯ ಮೇಲೆ ನಿಂತವರು ಯಾರು ಎಂದು ನನಗೂ ಅಂದಾಜುಂಟು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಬಿಲ್ಲಿನ ಪ್ರತಿ, ರಾಡಿನ ಫೋಟೋ, ಪ್ಯಾಕಿಂಗಿನ ಫೋಟೋ ಇದರ ಜೊತೆ ಇಟ್ಟಿದ್ದೇನೆ. ತಂತಿ ನನ್ನ ಹತ್ತಿರವೇ ಇರಲಿ. ಬರುವ ಬುಧವಾರ ಪೇಟೆಗೆ ಬರಲಿಕ್ಕುಂಟು, ಸ್ಪ್ರಿಂಗ್ ಸಿಕ್ಕಿದರೆ ಕೌಂಟರಿನಲ್ಲಿ ಕೊಟ್ಟಿಡಿ.

ಇಂತಿ,
ಬೂದು ಟ್ರ್ಯಾಕ್ಟರಿನವರು