ತಮ್ಮನ ಡಬ್ಬಿಗೆ ಕಾವಲು ಬೇಡ ಮಗಳೇ

ಪುಟ್ಟಿ,

ಹಬ್ಬಕ್ಕೆ ಬಂದ ಚಾಕೊಲೇಟ್ ಡಬ್ಬಿಗಳೆಲ್ಲ ನಿನ್ನ ಬೀರುವಿನಲ್ಲಿ ಬಟ್ಟೆಗಳ ಹಿಂದೆ ಸೇರಿಕೊಂಡಿರುವುದು ನನಗೆ ಗೊತ್ತು. ನೀನು ತಿನ್ನಲಿಕ್ಕಲ್ಲ, ತಮ್ಮನ ಕೈಗೆ ಸಿಗಬಾರದು ಅಂತ. ಹಲ್ಲಿನ ಡಾಕ್ಟರ್ ಹೇಳಿದ ಮಾತನ್ನು ಅವನಿಗಿಂತ ಜಾಸ್ತಿ ನೀನೇ ಮನಸ್ಸಿಗೆ ಹಚ್ಚಿಕೊಂಡಿದ್ದೀಯ. ಆದರೆ ಮನೆಯಲ್ಲಿ ಈಗ ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ರಗಳೆ. ಅವನು ಹುಡುಕುವುದು, ನೀನು ಜಾಗ ಬದಲಿಸುವುದು, ಆಮೇಲೆ ಇಬ್ಬರೂ ಅಮ್ಮನ ಹತ್ತಿರ ದೂರು ಒಯ್ಯುವುದು. ಎದುರಿಗೆ ಕೂರಿಸಿ ಹೇಳಿದರೆ "ಅಪ್ಪಾ, ನಿಂಗೊತ್ತಾಗಲ್ಲ" ಅಂತ ಎದ್ದು ಹೋಗುತ್ತೀಯ. ಪತ್ರವಾದರೆ ಕೊನೆವರೆಗೂ ಓದುತ್ತೀಯ ಅಲ್ವಾ?

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಮಕ್ಕಳ ಊಟದ ವಿಷಯವನ್ನು ಎರಡು ಪಾಲು ಮಾಡಿಟ್ಟಿದ್ದಾರೆ. ಏನು ಕೊಡುವುದು, ಯಾವಾಗ, ಎಲ್ಲಿ ಕೂತು ತಿನ್ನುವುದು, ಇದು ದೊಡ್ಡವರ ಪಾಲು. ತಿನ್ನುವುದೋ ಬಿಡುವುದೋ, ತಿಂದರೆ ಎಷ್ಟು, ಅದು ಮಗುವಿನ ಪಾಲು. ಅಕ್ಕನಿಗೆ ಅಂತ ಮೂರನೇ ಪಾಲು ಎಲ್ಲೂ ಕಾಣಲಿಲ್ಲ. ಸಿಹಿಗೆ ಮಾತ್ರ ಅವರು ಸ್ವಲ್ಪ ಬೇರೆ ದಾರಿ ಹೇಳುತ್ತಾರೆ. ಮಾಮೂಲಿ ದಿನ ಊಟದ ಜೊತೆಗೇ ಎಲ್ಲರಿಗೂ ಒಂದೊಂದು ಪಾಲು, ಮತ್ತೆ ಕೇಳಿದರೆ ಇಲ್ಲ. ಆದರೆ ಆಗಾಗ ಒಂದು ದಿನ ತಿಂಡಿಯ ಹೊತ್ತಿಗೆ ಸಿಹಿಯನ್ನು ಮುಂದಿಟ್ಟು, ಮಗು ತಾನಾಗೇ ಸಾಕು ಅನ್ನುವವರೆಗೆ ಸುಮ್ನೆ ಇರಬೇಕಂತೆ. ಸಾಕು ಅನ್ನುವುದನ್ನು ಕಲಿಯಲು ಸಾಕಾಗುವಷ್ಟು ಒಮ್ಮೆಯಾದರೂ ಸಿಗಬೇಕಲ್ಲ!

ಬಚ್ಚಿಡುವುದರಿಂದ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಅಂತ ಇಬ್ಬರು ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಪುಟ್ಟ ಮಕ್ಕಳ ಮುಂದೆ ಒಂದು ತಿಂಡಿಯನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು, ಸ್ವಲ್ಪ ಹೊತ್ತು ಮಾತ್ರ ಮುಚ್ಚಳ ತೆಗೆಯುತ್ತಿದ್ದರು. ಅಂಥದ್ದೇ ಇನ್ನೊಂದು ತಿಂಡಿಗೆ ಯಾವ ತಡೆಯೂ ಇರಲಿಲ್ಲ. ಮಕ್ಕಳ ಕಣ್ಣು, ಮಾತು, ಆಸೆ ಎಲ್ಲ ಹೋಗಿ ನಿಂತಿದ್ದು ಮುಚ್ಚಿದ ಡಬ್ಬಿಯ ಮೇಲೇ. ನಿನ್ನ ತಮ್ಮ ಮನೆಗೆಲ್ಲ ಪತ್ತೇದಾರ ಆಗಿರುವುದು ಏಕೆ ಅಂತ ಈಗ ಗೊತ್ತಾಯಿತಾ?

ದೊಡ್ಡವರೂ ಇದಕ್ಕೆ ಹೊರತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಮಿಠಾಯಿಗೂ ರೇಷನ್ ಇತ್ತು. 1949ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ಜನ ಅಂಗಡಿಗಳಿಗೆ ಎಷ್ಟು ಮುಗಿಬಿದ್ದರು ಅಂದರೆ, ಸರಕು ಸಾಲದೆ ಆಗಸ್ಟ್‌ನಲ್ಲಿ ಮತ್ತೆ ರೇಷನ್ ತರಬೇಕಾಯಿತು. ಅದು ಪೂರ್ತಿ ಹೋಗಿದ್ದು 1953ರ ಫೆಬ್ರವರಿಯಲ್ಲಿ. ಒಂದು ದೇಶವೇ ತಡೆದುಕೊಳ್ಳಲಿಲ್ಲ, ಇವನು ಆರು ವರ್ಷದ ಹುಡುಗ.

ಇನ್ನು ಹಲ್ಲಿನ ವಿಷಯ. ನಿನಗೆ ನಿಜವಾದ ಚಿಂತೆ ಇರುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮೆಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ. ಸಕ್ಕರೆ ಸಿಕ್ಕ ಕೆಲವೇ ನಿಮಿಷದಲ್ಲಿ ಅವು ಆಸಿಡ್ ಬಿಡುತ್ತವೆ. ಆಸಿಡ್ ಎಷ್ಟಿದೆ ಅಂತ ಅಳೆಯುವ ಲೆಕ್ಕಕ್ಕೆ ಪಿಎಚ್ ಅಂತಾರೆ, ಆಸಿಡ್ ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕರಗಲು ಶುರು. ಆಮೇಲೆ ಜೊಲ್ಲು ಬಂದು ನಿಧಾನವಾಗಿ ಪಿಎಚ್ ಅನ್ನು ಮೊದಲಿನ ಮಟ್ಟಕ್ಕೆ ತರುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಈಗ ನೀನೇ ಲೆಕ್ಕ ಹಾಕು. ಊಟ ಆದಮೇಲೆ ಒಂದೇ ಸಲ ಕೂತು ಐದು ಟಾಫಿ ತಿಂದರೆ ಹಲ್ಲಿಗೆ ಒಂದು ಪೆಟ್ಟು. ಅದೇ ಐದನ್ನು ಬೆಳಗ್ಗೆ ಒಂದು, ಹತ್ತು ಗಂಟೆಗೊಂದು, ಆಟದ ಮಧ್ಯೆ ಒಂದು, ಹೀಗೆ ದಿನವಿಡೀ ತಿಂದರೆ ಐದು ಪೆಟ್ಟು. "ಈಗ ಒಂದು ತಗೋ, ಮತ್ತೆ ಸಂಜೆ ಒಂದು ಕೊಡ್ತೀನಿ" ಅಂತ ನೀನು ಮಾಡಿರುವ ಪದ್ಧತಿ ಹಲ್ಲಿನ ಲೆಕ್ಕದಲ್ಲಿ ಉಲ್ಟಾ.

ಇದನ್ನು ಜಗತ್ತು ತಿಳಿದುಕೊಂಡ ರೀತಿ ಮಾತ್ರ ಚೆನ್ನಾಗಿಲ್ಲ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರ ಒಪ್ಪಿಗೆ ಇಲ್ಲದೆ, ಸಕ್ಕರೆಯ ಪ್ರಯೋಗ ನಡೆಯಿತು. ಊಟದ ನಡುನಡುವೆ ಹಲ್ಲಿಗೆ ಅಂಟುವ ಟಾಫಿ ತಿಂದವರ ಹಲ್ಲುಗಳೇ ಅತಿ ಹೆಚ್ಚು ಹಾಳಾದವು. ಓದುವಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ಆಮೇಲೆ ಆ ದೇಶದಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಸಿಹಿ ಕೊಡುವ ರೂಢಿ ಬೆಳೆಯಿತು.

ಅಂಟುವಂಥದ್ದು, ಬಾಯಲ್ಲಿ ಬಹಳ ಹೊತ್ತು ಇಟ್ಟು ಚೀಪುವಂಥದ್ದು ಜಾಸ್ತಿ ಕೆಟ್ಟದ್ದು. ಬೇಗ ಕರಗಿ ಹೋಗುವ ಚಾಕೊಲೇಟೇ ವಾಸಿ. ಮಲಗಿದಾಗ ಜೊಲ್ಲು ಕಡಿಮೆ, ಹಾಗಾಗಿ ರಾತ್ರಿ ಬ್ರಷ್ ಮಾಡಿದ ಮೇಲೆ ಏನೂ ಇಲ್ಲ, ಅಜ್ಜಿ ಕೊಟ್ಟರೂ ಇಲ್ಲ. ಹುಳಿ ಜೆಲ್ಲಿ ತಿಂದಾಗ ಮಾತ್ರ ಕೂಡಲೇ ಬ್ರಷ್ ಕೊಡಬೇಡ. ಹುಳಿಗೆ ಎನಾಮೆಲ್ ಮೆತ್ತಗಾಗಿರುತ್ತದೆ. ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಸಾಕು.

"ಸಕ್ಕರೆ ತಿಂದು ಹುಚ್ಚು ಹಿಡಿದ ಹಾಗೆ ಕುಣಿತಾನೆ" ಅಂತ ನೀನೂ ಅಮ್ಮನೂ ಒಂದೇ ರಾಗದಲ್ಲಿ ಹೇಳುತ್ತೀರಿ. ಅಮ್ಮನಿಗೆ ಈ ಭಾಗ ತೋರಿಸಬೇಡ. ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುತ್ತದಾ ಅಂತ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವರದಿ 1995ರಲ್ಲಿ ಬಂತು. ಅಂಥ ಪರಿಣಾಮ ಕಾಣಲಿಲ್ಲ ಅಂದಿತು. ಅದರ ಹಿಂದಿನ ವರ್ಷದ ಒಂದು ಪ್ರಯೋಗ ಇನ್ನೂ ಮಜವಾಗಿದೆ. ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ ಅಂತ ಅಮ್ಮಂದಿರಿಗೆ ಹೇಳಿದರು. ನಿಜವಾಗಿ ಕೊಟ್ಟಿದ್ದು ಸಕ್ಕರೆ ಇಲ್ಲದ ಪಾನೀಯ. ಆದರೂ ಆ ಅಮ್ಮಂದಿರಿಗೆ ಮಗ ವಿಪರೀತ ಚಟುವಟಿಕೆ ಮಾಡುತ್ತಿರುವಂತೆ ಕಂಡಿತು. ಹಬ್ಬದ ದಿನ ಮನೆ ತುಂಬ ನೆಂಟರು, ಗಲಾಟೆ, ಮಧ್ಯಾಹ್ನದ ನಿದ್ದೆಯೂ ಇಲ್ಲ. ಚಾಕೊಲೇಟ್ ಇಲ್ಲದಿದ್ದರೂ ಅವನು ಕುಣಿಯುತ್ತಾನೆ.

ಹಾಗಂತ ಸಕ್ಕರೆಗೆ ಮಿತಿಯೇ ಬೇಡ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇಂಥದ್ದರ ಪಾಲು ಶೇಕಡ 10ಕ್ಕಿಂತ ಕಡಿಮೆ ಇರಬೇಕು. ಶೇಕಡ 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಚಮಚ. ಮಾಮೂಲಿ ಕೋಲಾದ 330 ಮಿಲಿ ಕ್ಯಾನ್ ಒಂದರಲ್ಲೇ ಸುಮಾರು 35 ಗ್ರಾಂ ಇರುತ್ತದೆ. ನನಗೆ ಹೆದರಿಕೆ ಇರುವುದು ವರ್ಷಕ್ಕೆ ಕೆಲವೇ ದಿನ ಬರುವ ಹಬ್ಬದ ಡಬ್ಬಿಯ ಮೇಲಲ್ಲ, ಫ್ರಿಜ್ಜಿನಲ್ಲಿ ಬೇಡ ಅಂದರೂ ಬಂದು ಕೂರುವ ಬಾಟಲಿಯ ಮೇಲೆ. ಅದನ್ನು ತರುವುದನ್ನು ನಿಲ್ಲಿಸುತ್ತಿದ್ದೇನೆ. ಅದರಲ್ಲಿ ನಿನ್ನ ಪಾಲೂ ಹೋಗುತ್ತದೆ, ಬೇಜಾರಾಗಬೇಡ.

ಎರಡು ಮಾತುಗಳನ್ನು ಮಾತ್ರ ಇವತ್ತಿನಿಂದಲೇ ಬಿಟ್ಟುಬಿಡು. ಒಂದು, "ತರಕಾರಿ ಮುಗಿಸಿದರೆ ಚಾಕೊಲೇಟ್." ಬರ್ಚ್ ಅವರೇ 1984ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಒಂದು ಪಾನೀಯ ಕುಡಿದರೆ ಬಹುಮಾನ ಅಂದಾಗ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಯಿತು. ಬಹುಮಾನ ಕೊಟ್ಟು ತಿನ್ನಿಸಬೇಕಾದರೆ ಅದು ಕೆಟ್ಟದ್ದೇ ಇರಬೇಕು ಅಂತ ಮಗು ಅಂದುಕೊಂಡರೆ ತಪ್ಪೇನು? ಇನ್ನೊಂದು, "ದಪ್ಪ ಆಗ್ತೀಯ." ಅದನ್ನು ಅವನಿಗೂ ಹೇಳಬೇಡ, ಕನ್ನಡಿ ಮುಂದೆ ನಿಂತು ನಿನಗೆ ನೀನೂ ಹೇಳಿಕೊಳ್ಳಬೇಡ. ಈ ಹಬ್ಬದಲ್ಲಿ ನೀನು ಒಂದು ಚೂರೂ ಸಿಹಿ ಮುಟ್ಟದೆ ಇದ್ದದ್ದನ್ನು ನಾನು ನೋಡಿದ್ದೇನೆ. ಇಷ್ಟವಿಲ್ಲದೆ ಬಿಟ್ಟರೆ ಸರಿ. ಹೆದರಿ ಬಿಟ್ಟಿದ್ದರೆ, ಆ ಮಾತನ್ನು ನಿನ್ನ ತಲೆಗೆ ಹಾಕಿದವರು ಯಾರು ಅಂತ ನನಗೆ ಅಥವಾ ಅಮ್ಮನಿಗೆ ಹೇಳು. ಬೈಯುವುದಿಲ್ಲ.

ಕಾವಲು ಬೇಕೇ ಬೇಕು ಅನಿಸಿದರೆ ನಿನಗೊಂದು ಕೆಲಸವಿದೆ. ನೆಂಟರ ಜೊತೆ ಬರುವ ಪುಟ್ಟ ಪಾಪುಗಳನ್ನು ನೋಡಿಕೋ. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಗಟ್ಟಿ ಪೆಪ್ಪರ್‌ಮೆಂಟು ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಓಡುತ್ತಾ, ನಗುತ್ತಾ ತಿನ್ನುವುದನ್ನು ಯಾವ ವಯಸ್ಸಿನವರಿಗೂ ಬಿಡಬೇಡ. ನಾಯಿಗೆ ಚಾಕೊಲೇಟ್ ವಿಷ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ಅನ್ನುವ ಪದಾರ್ಥ ನಾಯಿಯ ಮೈಗೆ ಬೇಗ ಅರಗುವುದಿಲ್ಲ. ಕಪ್ಪು ಚಾಕೊಲೇಟ್ ಆದರೆ ಇನ್ನೂ ಅಪಾಯ. ನಮ್ಮ ನಾಯಿ ಮೇಜಿನ ಕೆಳಗೇ ಇರುತ್ತದಲ್ಲ, ಬಿದ್ದದ್ದನ್ನು ಆರಿಸುವುದು ನಿನ್ನ ಜವಾಬ್ದಾರಿ.

ಉಳಿದದ್ದನ್ನು ಅಮ್ಮ, ನಾನು ಮಾತಾಡಿಕೊಂಡಿದ್ದೇವೆ. ಡಬ್ಬಿಗಳು ನಾಳೆ ಅಡುಗೆಮನೆಯ ಮೇಲಿನ ಶೆಲ್ಫಿಗೆ ಬರಲಿ. ಅಲ್ಲಿವೆ ಅಂತ ಅವನಿಗೂ ಹೇಳುತ್ತೇವೆ. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜಿಗೆ ಬರುತ್ತವೆ, ಅವನ ಪಾಲು ಯಾವುದು ಅಂತ ಅವನೇ ಆರಿಸಲಿ. ಭಾನುವಾರ ಸಂಜೆ ಪಾಲು ಗೀಲು ಏನೂ ಇಲ್ಲ, ಇಬ್ಬರೂ ಸಾಕು ಅನಿಸುವಷ್ಟು ತಿನ್ನಿ. ಮೊದಲ ವಾರ ಅವನು ಹೊಟ್ಟೆ ನೋವು ತರಿಸಿಕೊಂಡರೂ ಆಶ್ಚರ್ಯವಿಲ್ಲ. ಆಗ "ನಾನು ಹೇಳಲಿಲ್ವಾ" ಅನ್ನಬಾರದು. ಬೇರೆ ಹೊತ್ತಿನಲ್ಲಿ ಅವನು ಬಂದು ಕಾಡಿದರೆ "ಅಪ್ಪನ್ನ ಕೇಳು" ಅಂತ ಕಳಿಸು. ಅಜ್ಜಿಯ ಸೆರಗಿನ ಗಂಟಿನಲ್ಲಿರುವ ಟಾಫಿಗಳ ಬಗ್ಗೆ ನಾನೇ ಮಾತಾಡುತ್ತೇನೆ. ಒಪ್ಪುತ್ತಾರೆ ಅನ್ನುವ ನಂಬಿಕೆ ಅಷ್ಟೇನೂ ಇಲ್ಲ.

ನಿನ್ನ ಅಪ್ಪ