ತಾವೇ ಕಲಿತವರು ಅಂದರೆ ಕಲಿಯದವರಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೆನಡಾದ ಜನಪದ ಚಿತ್ರಗಾರ್ತಿ ಮಾಡ್ ಲೂಯಿಸ್ ಬಗ್ಗೆ ಬಂದ ಲೇಖನ ಓದಿ ತುಂಬಾ ಖುಷಿಯಾಯಿತು. ಕನ್ನಡದಲ್ಲಿ ಇವರ ಬಗ್ಗೆ ಬರೆಯುವವರೇ ಕಡಿಮೆ. ಆದರೆ ಕೊನೆಯಲ್ಲಿ ಒಂದು ಸಾಲು ಮನಸ್ಸಿಗೆ ಚುಚ್ಚಿತು. ಅಲ್ಲಿನ ಮರದ ಕೆತ್ತನೆಗಳ ಬಗ್ಗೆ ಇದ್ದದ್ದು ಅದೊಂದೇ ಸಾಲು: ಯಾವ ತರಬೇತಿಯೂ ಇಲ್ಲದ ಹಳ್ಳಿಗರು ಹೊತ್ತು ಕಳೆಯಲು ಮಾಡಿದ ಗೊಂಬೆಗಳಂತೆ. ಇದು ತಪ್ಪು ಅಂತ ಹೇಳಲಿಕ್ಕೇ ಈ ಪತ್ರ.

ನನ್ನ ಮಗಳ ಮನೆ ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್‌ನಲ್ಲಿದೆ. ಎರಡು ಬೇಸಿಗೆ ಅಲ್ಲಿ ಕಳೆದಿದ್ದೇನೆ. ಈಗ ಬರೆಯುತ್ತಿರುವ ಮೇಜಿನ ಮೇಲೆ ಅಲ್ಲಿಂದ ತಂದ ಮರದ ಕಡಲಹಕ್ಕಿಯೊಂದಿದೆ. ಗೇಣುದ್ದದ್ದು. ಕೆತ್ತಿದವರ ಕೈಯಿಂದಲೇ ಕೊಂಡದ್ದು. ದೂರದಿಂದ ನೋಡಿದರೆ ಮಕ್ಕಳ ಆಟಿಕೆ ಅನ್ನಿಸಬಹುದು. ಕೈಗೆತ್ತಿಕೊಂಡರೆ ಬೇರೆಯೇ ಕಾಣುತ್ತದೆ. ಬೆನ್ನಿನ ಮೇಲೆ ಚಾಕು ಒಂದೇ ದಿಕ್ಕಿಗೆ ಓಡಿದ ಗೆರೆಗಳಿವೆ. ಕುತ್ತಿಗೆಯ ಹತ್ತಿರ ಅವು ತಟ್ಟನೆ ತಿರುಗುತ್ತವೆ, ಯಾಕೆಂದರೆ ಅಲ್ಲಿ ಮರದ ಎಳೆಯೇ ತಿರುಗಿದೆ, ಎಳೆಗೆ ಎದುರಾಗಿ ಚಾಕು ಹಾಕಿದರೆ ಚಕ್ಕೆ ಎದ್ದು ಕುತ್ತಿಗೆಯೇ ಹಾರಿಹೋಗುತ್ತದೆ. ಎದೆಯ ಮೇಲೆ ಒಂದು ಗಂಟಿದೆ. ಅದನ್ನು ಮುಚ್ಚಿಲ್ಲ, ತೆಗೆದೂ ಹಾಕಿಲ್ಲ. ಎದೆ ಉಬ್ಬುವ ಜಾಗಕ್ಕೆ ಸರಿಯಾಗಿ ಆ ಗಂಟು ಬರುವ ಹಾಗೆ ತುಂಡನ್ನು ಹಿಡಿದು ಕೆತ್ತಿದ್ದಾರೆ. ಕಾಲಿಗೆ ದಪ್ಪ ತಂತಿ. ಕಣ್ಣಿಗೆ ಮೊಳೆಯ ತಲೆ. ಕತ್ತು ಸ್ವಲ್ಪ ಓರೆ. ದೋಣಿಯಿಂದ ಮೀನು ಇಳಿಸುವವರನ್ನು ಕಾಯುತ್ತಾ ಕಟ್ಟೆಯ ಮೇಲೆ ನಿಂತ ಹಕ್ಕಿ ಹೀಗೇ ಕತ್ತು ಓರೆ ಮಾಡುತ್ತದೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ಕಲಿಯದವರ ಕೈಯಲ್ಲಿ ಇದು ಆಗುತ್ತದಾ?

ಕಲೆಯ ಶಾಲೆಗೆ ಹೋಗಲಿಲ್ಲ ಅನ್ನುವುದು ನಿಜ. ಆದರೆ ಆ ಕರಾವಳಿಯಲ್ಲಿ ಮರ ಗೊತ್ತಿಲ್ಲದೆ ಬದುಕುವುದೇ ಕಷ್ಟವಿತ್ತು. ದೋಣಿ ಕಟ್ಟಬೇಕು, ಹುಟ್ಟು ಕೆತ್ತಬೇಕು, ಕೊಟ್ಟಿಗೆ ರಿಪೇರಿ ಮಾಡಬೇಕು, ಚಳಿಗಾಲಕ್ಕೆ ಸೌದೆ ಒಡೆಯಬೇಕು. ಯಾವ ಮರ ಸೀಳುತ್ತದೆ, ಯಾವುದು ಬಾಗುತ್ತದೆ ಅಂತ ಹತ್ತು ಹನ್ನೆರಡು ವರ್ಷದ ಹುಡುಗನಿಗೂ ತಿಳಿಯುತ್ತಿತ್ತು. ಇನ್ನೊಂದು ಪಾಠ ಬೇಟೆಯಿಂದ ಬಂತು. ಬಾತುಕೋಳಿ ಬೇಟೆಗೆ ಮರದಲ್ಲಿ ಹುಸಿ ಬಾತು ಕೆತ್ತಿ, ಬಣ್ಣ ಬಳಿದು, ನೀರಿನ ಮೇಲೆ ತೇಲಿಬಿಡುತ್ತಿದ್ದರು. ಮೇಲೆ ಹಾರುವ ನಿಜವಾದ ಬಾತುಗಳು ತಮ್ಮವರೇ ಇದ್ದಾರೆಂದು ನಂಬಿ ಕೆಳಗಿಳಿಯುತ್ತಿದ್ದವು. ಇದಕ್ಕೆ ಡಿಕಾಯ್ ಅನ್ನುತ್ತಾರೆ. ಸುಮ್ನೆ ಚಂದ ಕಂಡರೆ ಸಾಲದು. ತೂಕ ಒಂದು ಬದಿಗೆ ಜಾಸ್ತಿಯಾದರೆ ಅಲೆಗೆ ಮಗುಚುತ್ತದೆ, ಅದಕ್ಕೇ ಹೊಟ್ಟೆಯಡಿ ಸೀಸದ ತುಂಡು ಹೊಡೆದು ತೂಕ ಸರಿಮಾಡುತ್ತಿದ್ದರು. ತಲೆ ನಿಂತ ರೀತಿ ಸರಿಯಿಲ್ಲದಿದ್ದರೆ ಬಾತುಗಳು ಹತ್ತಿರ ಬರುವುದಿಲ್ಲ. ಪರೀಕ್ಷೆ ಮಾಡುವುದು ಬಾತುಕೋಳಿಗಳೇ ಆದಾಗ ಅದಕ್ಕಿಂತ ಗಟ್ಟಿ ಶಾಲೆ ಯಾವುದಿದೆ ಹೇಳಿ. 1917ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂದು ಮಾರಾಟಕ್ಕಾಗಿ ಬೇಟೆಯಾಡುವುದು ನಿಂತಿತು, ಆದರೆ ಕೆತ್ತುವ ಕೈ ನಿಲ್ಲಲಿಲ್ಲ. ಇವತ್ತು ಆ ಹಳೆಯ ಹುಸಿ ಬಾತುಗಳು ಮ್ಯೂಸಿಯಂಗಳಲ್ಲಿವೆ.

ಹೆಸರುಗಳನ್ನೂ ಹೇಳಬೇಕು, ಯಾಕೆಂದರೆ ಹೆಸರಿಲ್ಲದೆ ಬರೆದಾಗಲೇ ಇವರೆಲ್ಲ 'ಹಳ್ಳಿಗರು' ಆಗಿಬಿಡುವುದು. ನೋವಾ ಸ್ಕೋಷಿಯಾದ ದಕ್ಷಿಣ ತೀರದ ಲೂನೆನ್‌ಬರ್ಗ್ ಸೀಮೆಯ ಕಾಲಿನ್ಸ್ ಐಸನ್‌ಹಾವರ್ 1898ರಲ್ಲಿ ಹುಟ್ಟಿದವರು. ಹೊಲದಲ್ಲಿ ದುಡಿದರು, ಕಾಡಿನಲ್ಲಿ ಮರ ಕಡಿದರು, ಸಮುದ್ರಕ್ಕೂ ಹೋದರು. ಗಟ್ಟಿಯಾಗಿ ಕೆತ್ತನೆಗೆ ಕೂತದ್ದು ದುಡಿಮೆಯ ದಿನಗಳೆಲ್ಲ ಮುಗಿದ ಮೇಲೆ, 1960ರ ದಶಕದಲ್ಲಿ. 1979ರಲ್ಲಿ ತೀರಿಕೊಂಡರು. ಅಂದರೆ ಒಬ್ಬ ಕಲಾವಿದನ ಪೂರ್ತಿ ಜೀವನ ಆ ಕೊನೆಯ ಹದಿನೈದು ವರ್ಷ ಚಿಲ್ಲರೆಯಲ್ಲಿ ನಡೆದುಹೋಯಿತು! ಅದೇ ದಕ್ಷಿಣ ತೀರದ ಮಿಲ್ಟನ್‌ನಲ್ಲಿದ್ದ ರಾಲ್ಫ್ ಬುಟಿಲಿಯರ್ ದೊಡ್ಡ ದೊಡ್ಡ ಹಕ್ಕಿಗಳನ್ನು ಮಾಡುತ್ತಿದ್ದರು, ಗಾಳಿ ಬಂದರೆ ರೆಕ್ಕೆ ಗಿರಗಿರ ತಿರುಗುವ ಗಿರಿಗಿಟ್ಲೆಗಳು. 1976ರಲ್ಲಿ ನೋವಾ ಸ್ಕೋಷಿಯಾದ ಆರ್ಟ್ ಗ್ಯಾಲರಿ ಇಂಥವರ ಕೆಲಸಗಳನ್ನೆಲ್ಲ ಸೇರಿಸಿ ಪ್ರದರ್ಶನ ಮಾಡಿತು, ಅದು ಕೆನಡಾದ ಬೇರೆ ಊರುಗಳಿಗೂ ಹೋಯಿತು. ಅಂಗಳದಲ್ಲಿ ಮಳೆಗೆ ನೆನೆಯುತ್ತಿದ್ದ ಕೆತ್ತನೆಗಳನ್ನು ಜನ ಕಲೆಯೆಂದು ನೋಡಲು ಶುರುಮಾಡಿದ್ದು ಹೆಚ್ಚಾಗಿ ಅಲ್ಲಿಂದ ಈಚೆಗೆ.

ನನಗೆ ಎಲ್ಲರಿಗಿಂತ ಇಷ್ಟವಾದವರು ಈವಾಲ್ಡ್ ರೆಂಟ್ಸ್. ಒಂಟಾರಿಯೋ ಪ್ರಾಂತ್ಯದ ಉತ್ತರದಲ್ಲಿ ಬಿಯರ್ಡ್‌ಮೋರ್ ಅನ್ನುವ ಸಣ್ಣ ಊರು, ಸುತ್ತ ಕಾಡು. ಅಲ್ಲಿ ಇವರು ಕ್ಷೌರಿಕರು. ಖನಿಜ ಹುಡುಕುತ್ತಾ ಕಾಡು ತಿರುಗಿದವರು ಕೂಡ. ದಾರಿಯಲ್ಲಿ ಬಿದ್ದ ಕೊಂಬೆ, ಬೇರು, ಗಂಟುಬಿದ್ದ ತುಂಡು ಕಂಡರೆ ಮನೆಗೆ ತರುತ್ತಿದ್ದರು. ಕೊಂಬೆ ಯಾವ ಕಡೆ ಬಾಗಿದೆಯೋ ಮನುಷ್ಯನ ಕೈಯೂ ಆ ಕಡೆಯೇ ಬಾಗುತ್ತಿತ್ತು, ಕವಲಿದ್ದರೆ ಅದೇ ಎರಡು ಕಾಲು. ಮರದೊಳಗೆ ಆಗಲೇ ಇರುವುದನ್ನು ಕಾಣುವ ಈ ಕಣ್ಣಿಗೆ ತರಬೇತಿ ಇರಲಿಲ್ಲ ಅನ್ನಬೇಕಾ? ಇಡೀ ಜೀವನ ಕಾಡಿನಲ್ಲಿ ನಡೆದ ಕಣ್ಣು ಅದು.

ಕ್ವಿಬೆಕ್‌ನ ಕಥೆ ಬೇರೆ ದಾರಿಯಲ್ಲಿ ಹೋಯಿತು. ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿರುವ ಸೇನ್ ಜಾನ್ ಪೋರ್ ಜೊಲಿ ಅನ್ನುವ ಊರಿನಲ್ಲಿ ಮೆದಾರ್ ಬುರ್ಗೊ ಅಂತ ಒಬ್ಬರಿದ್ದರು. ಮೊದಲು ನಾವಿಕ, ಆಮೇಲೆ ಬಡಗಿ. ಕೆತ್ತನೆ ತಾವಾಗಿಯೇ ಕಲಿತದ್ದು. 1930ರ ಹೊತ್ತಿಗೆ ಜಾನಪದ ಸಂಶೋಧಕ ಮಾರಿಯಸ್ ಬಾರ್ಬೊ ಇವರ ಕೆಲಸ ನೋಡಿ ಬೆನ್ನು ತಟ್ಟಿದರು. ತಮ್ಮಂದಿರಾದ ಆಂದ್ರೆ ಮತ್ತು ಜಾನ್ ಜುಲಿಯೆನ್ ಕೂಡ ಸೇರಿಕೊಂಡರು. 1940ರಲ್ಲಿ ಅಲ್ಲಿ ಕೆತ್ತನೆಯ ಶಾಲೆಯೇ ಶುರುವಾಯಿತು. ಈಗ ಆ ಊರಿಗೆ ಹೆಸರಿರುವುದೇ ಮರದ ಕೆತ್ತನೆಯಿಂದ. ಇದರ ಬಗ್ಗೆ ನನಗೆ ಎರಡು ಮನಸ್ಸಿದೆ, ಮುಚ್ಚಿಡುವುದಿಲ್ಲ. ಎಷ್ಟೋ ಮನೆಗಳ ಒಲೆ ಉರಿಯಿತು, ಅದು ದೊಡ್ಡದು. ಆದರೆ ಪ್ರವಾಸಿಗರು ಒಂದೇ ಥರದ ಮುದುಕ ಮೀನುಗಾರನನ್ನು ಕೇಳುತ್ತಾ ಹೋದಾಗ ಕೈ ಅದನ್ನೇ ಮತ್ತೆ ಮತ್ತೆ ಕೆತ್ತಲು ಕಲಿತುಬಿಡುತ್ತದೆ. ಮೆದಾರ್ ಅವರ ಕೆತ್ತನೆಗಳಲ್ಲಿರುವ ಆ ಹಟ ರಸ್ತೆ ಬದಿಯ ಅಂಗಡಿಯ ಸಾಲಿನಲ್ಲಿ ನನಗೆ ಸಿಗುವುದಿಲ್ಲ.

ದುಡ್ಡಿನ ವಿಷಯ. ನಿಮ್ಮ ಲೇಖನದಲ್ಲೇ ಇತ್ತು: ಮಾಡ್ ಲೂಯಿಸ್ ತಮ್ಮ ಚಿತ್ರಗಳನ್ನು ಎರಡು, ಐದು ಡಾಲರಿಗೆ ಮಾರುತ್ತಿದ್ದರು. 1970ರಲ್ಲಿ ತೀರಿಕೊಂಡರು. ಹಿಂದೆ ಒಬ್ಬರು ಸ್ಯಾಂಡ್‌ವಿಚ್‌ಗಳಿಗೆ ಬದಲಾಗಿ ಕೊಟ್ಟಿದ್ದ ಅವರ ಕಪ್ಪು ಟ್ರಕ್ಕಿನ ಚಿತ್ರ 2022ರಲ್ಲಿ 3,50,000 ಕೆನಡಾ ಡಾಲರಿಗೆ ಹರಾಜಾಯಿತು. ಮರುಮಾರಾಟದಲ್ಲಿ ಕಲಾವಿದರಿಗೆ ಶೇ 5ರ ಪಾಲು ಸಿಗಬೇಕು ಅಂತ ಅಲ್ಲಿನ ಕಲಾವಿದರ ಸಂಘ ಎಷ್ಟೋ ವರ್ಷಗಳಿಂದ ಕೇಳುತ್ತಲೇ ಬಂದಿದೆ. ಕೆತ್ತನೆಯವರ ಪಾಡು ಇನ್ನೂ ಕಷ್ಟ. ಚಿತ್ರ ಗೋಡೆಯ ಮೇಲೆ ಒಣಗಿ ಇರುತ್ತದೆ. ಕೆತ್ತನೆ ಅಂಗಳದಲ್ಲಿ, ಬೇಲಿಯ ಕಂಬದ ಮೇಲೆ ನಿಂತಿರುತ್ತದೆ. ಹಿಮ ಬೀಳುತ್ತದೆ, ಕರಗುತ್ತದೆ, ಆ ನೀರು ಮರದೊಳಗೆ ಇಳಿದು ಮತ್ತೆ ಹೆಪ್ಪುಗಟ್ಟಿ ಸೀಳುತ್ತದೆ. ಮನೆಯವರೇ ಒಂದು ದಿನ ಒಲೆಗೆ ಹಾಕುತ್ತಾರೆ. ಹೀಗೆ ಎಷ್ಟು ಹೋಗಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ. ಮಾಡ್ ಲೂಯಿಸ್ ಅವರ ಪುಟ್ಟ ಮನೆಯನ್ನೇ ಹ್ಯಾಲಿಫ್ಯಾಕ್ಸ್‌ನ ಗ್ಯಾಲರಿಯೊಳಗೆ ತಂದು ನಿಲ್ಲಿಸಿದ್ದಾರೆ, ಒಳ್ಳೆಯದೇ. ಅಂಥ ಕಾಳಜಿ ಆ ಗಿರಿಗಿಟ್ಲೆಗಳಿಗೂ ಸಿಗಬೇಕು ಅಲ್ವಾ?

ಲೂನೆನ್‌ಬರ್ಗ್‌ನಲ್ಲಿ 1989ರಿಂದ ಪ್ರತಿ ಆಗಸ್ಟ್‌ನಲ್ಲಿ ಜನಪದ ಕಲೆಯ ಹಬ್ಬ ನಡೆಯುತ್ತದೆ. ಒಂದೇ ಮಧ್ಯಾಹ್ನ. ಬಾಗಿಲು ತೆರೆಯುವ ಮೊದಲೇ ಹೊರಗೆ ಸಾಲು. ಕೆತ್ತಿದವರು ತಮ್ಮ ಮೇಜಿನ ಹಿಂದೆ ತಾವೇ ನಿಂತಿರುತ್ತಾರೆ. ನನ್ನ ಹಕ್ಕಿಯನ್ನು ಮಾಡಿದ ಹಿರಿಯರನ್ನು, ಇದಕ್ಕೆ ಎಷ್ಟು ದಿನ ಹಿಡಿಯಿತು ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಹಕ್ಕಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಎದೆಯ ಮೇಲಿನ ಆ ಗಂಟನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ವಾಪಸ್ ಕೊಟ್ಟರು. ಓದುಗರಲ್ಲಿ ಯಾರಾದರೂ ಆ ಕಡೆ ಹೋಗುವುದಿದ್ದರೆ ದಯವಿಟ್ಟು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಳ್ಳಬೇಡಿ. ಕೆತ್ತಿದವರಿಂದಲೇ ಕೊಳ್ಳಿ, ಅವರ ಹೆಸರು ಕೇಳಿ, ಹೆಸರು ಮತ್ತು ಇಸವಿಯನ್ನು ಅಡಿಯಲ್ಲಿ ಬರೆಸಿಕೊಳ್ಳಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಮಾಡ್ ಲೂಯಿಸ್‌ಗೆ ಕೊಟ್ಟ ಹಾಗೆ ಈ ಕೆತ್ತನೆಯವರಿಗೂ ಒಂದು ಪುಟ ಕೊಡಿ. 'ತರಬೇತಿ ಇಲ್ಲದ' ಅನ್ನುವ ಪದ ಬಿಟ್ಟು 'ತಾವೇ ಕಲಿತ' ಅಂತ ಬರೆಯಿರಿ. ನಾನು ತೆಗೆದ ಫೋಟೊಗಳು ಸುಮಾರಿವೆ. ಬೇಕಿದ್ದರೆ ತಿಳಿಸಿ, ಯಾರ ಕೆಲಸ ಯಾವುದು ಅಂತ ಹೆಸರು ಸಮೇತ ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಬಹುಕಾಲದ ಓದುಗ